ಜರಡಿ ಬಿಸಿಲಿನ ನಾಡು

ಬೆಟ್ಟಗಳು ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ, ಮಗ್ಗುಲಾಗಿ ಮಲಗಿದ ಎಮ್ಮೆಯಂಥ ಒಂದು ಗುಡ್ಡದ ಕೆಳಗೆ ಒಂದು ನಾಡಿತ್ತಂತೆ. ಅಲ್ಲಿನ ಹೊಳೆ ಸ್ವಲ್ಪ ದೂರ ಹೋಗಿ, ಮನೆಯಲ್ಲಿ ಏನೋ ಮರೆತು ಬಂದವಳ ಹಾಗೆ ಹಿಂದಕ್ಕೆ ತಿರುಗಿ, ಎಮ್ಮೆಯ ಬಾಲ ಸವರಿ ಮತ್ತೆ ಹೊರಡುತ್ತಿತ್ತಂತೆ. ಹೊಳೆಯಾಚೆ ಬಯಲು. ಬಯಲಿನ ನಡುವೆ ಒಂದೇ ಒಂದು ಮರ. ಅದಕ್ಕೆ ಜೊತೆಯಿರಲಿಲ್ಲ, ಅದಕ್ಕೇ ಯಾರು ಬಂದರೂ ಕೂರಿಸಿಕೊಂಡು ನೆರಳು ಕೊಡುತ್ತಿತ್ತು. ಆ ನಾಡಿನಲ್ಲಿ ಬಿಸಿಲು ಎಲ್ಲ ಕಡೆಯಂತೆ ಬೀಳುತ್ತಿರಲಿಲ್ಲ. ಯಾರೋ ಮೇಲೆ ಕೂತು ಜರಡಿ ಹಿಡಿದಂತೆ ಸಣ್ಣ ಸಣ್ಣ ಚುಕ್ಕೆಯಾಗಿ ಉದುರುತ್ತಿತ್ತು.

ನಮ್ಮಜ್ಜಿ ಹೊನ್ನಮ್ಮನ ಕಥೆಗಳೆಲ್ಲ ಈ ನಾಡಿನಿಂದಲೇ ಹೊರಡುತ್ತಿದ್ದವು. ರಾಜಕುಮಾರಿಯಾಗಲಿ, ಕಳ್ಳನಾಗಲಿ, ಮಾತಾಡುವ ಹುಂಜವಾಗಲಿ, ಆ ಒಂಟಿ ಮರದ ಕೆಳಗೆ ಒಂದು ಗಳಿಗೆ ಕೂತೇ ಮುಂದಕ್ಕೆ ಹೋಗಬೇಕು. ಈ ನಾಡು ಎಲ್ಲಿದೆ ಅಜ್ಜಿ ಎಂದು ಕೇಳಿದರೆ, "ಎಲ್ಲೂ ಇಲ್ಲ ಕಣೆ. ನನ್ನ ಮದುವೆ ಗಾಡಿಲಿ ಅತ್ತೂ ಅತ್ತೂ ನಿದ್ದೆ ಹೋಗಿದ್ದೆ. ಆಗ ಬಿದ್ದ ಕನಸು ಅದು" ಎನ್ನುತ್ತಿದ್ದಳು. ಒಂದು ಸಲ ಹುಂಜವನ್ನು ಮರದ ಕೆಳಗೆ ಕೂರಿಸಿದವಳು ಏಳಿಸಲೇ ಇಲ್ಲ. ನಾನು ಕಾಡಿದೆ. "ಮುಂದಿಂದು ಬೇಕಾದ್ರೆ ನಂಗೇನು ಕೊಡ್ತೀಯ?" ಎಂದಳು. ದೊಡ್ಡವಳಾಗಿ ಗಾಡಿ ಓಡಿಸಲು ಕಲಿತು ನಿನ್ನನ್ನು ಬೆಟ್ಟದ ಕಡೇ ತಿರುವಿಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದೆ. ಅಜ್ಜಿ ನನ್ನ ಅಂಗೈ ಮೇಲೆ ಅಂಗೈ ಇಟ್ಟಳು. ಹುಂಜ ಎದ್ದು ಮುಂದಕ್ಕೆ ಹೋಯಿತು.

ನಮ್ಮೂರಿನಿಂದ ಬೆಟ್ಟ ಹತ್ತುವ ರಸ್ತೆ ಇರುವುದು ಒಂದೇ, ಅದೂ ಒಂದು ಗಾಡಿಯ ಅಗಲ. ಆ ರಸ್ತೆಯಲ್ಲಿ ಒಂದು ತಿರುವಿನ ನೋಟ ಒಬ್ಬರಿಗೆ ಒಂದೇ ಸಲ. ಕಣ್ಣು ಬಿಟ್ಟು ನೋಡಿ ಆ ತಿರುವು ದಾಟಿದಿರೋ, ಮುಗಿಯಿತು. ಆಮೇಲೆ ಯಾವಾಗ ಹೋದರೂ ರಸ್ತೆಯ ಅಂಚಿನ ಹುಲ್ಲಿನವರೆಗೆ ಕಾಣುತ್ತದೆ, ಅದರಾಚೆ ಸುಣ್ಣ ಬಳಿದ ಗೋಡೆಯ ಹಾಗೆ ಬರೀ ಬಿಳುಪು. ಹಾಗಾಗಿ ಬಸ್ಸಿನ ಕಂಡಕ್ಟರು "ಹುಣಸೆ ತಿರುವು, ಕಣ್ಣು, ಕಣ್ಣು" ಎಂದು ಕೂಗಿದ ಕೂಡಲೇ ಬಸ್ಸಿಗೆ ಬಸ್ಸೇ ಕಣ್ಣು ಮುಚ್ಚುತ್ತದೆ. ಮಗಳ ಮದುವೆ ಗೊತ್ತಾದವರೋ, ಕೋರ್ಟಿನಲ್ಲಿ ಗೆದ್ದವರೋ ಒಬ್ಬರಿಬ್ಬರು ಮಾತ್ರ ಬಿಟ್ಟಿರುತ್ತಾರೆ. ಇಳಿದ ಮೇಲೆ ಉಳಿದವರೆಲ್ಲ ಅವರ ಸುತ್ತ ನಿಂತು ಹೇಗಿತ್ತು ಎಂದು ಕೇಳುತ್ತಾರೆ. ಹೆಂಡತಿಯನ್ನು ಬಿಟ್ಟು ತಾನೊಬ್ಬನೇ ನೋಟ ಮುಗಿಸಿ ಬಂದವನಿಗೆ ಆ ದಿನ ಮನೆಯಲ್ಲಿ ತಣ್ಣನೆ ಅನ್ನ. ಬೆಟ್ಟದಾಚೆಯಿಂದ ಬರುವ ಹೆಣ್ಣುಗಳನ್ನು ಮುಖದ ಮೇಲೆ ಕಂಬಳಿ ಹೊದಿಸಿಯೇ ಕರೆತರಬೇಕು. ನಮ್ಮ ಸೊಸೆ ಬೆಟ್ಟವನ್ನು ಪೂರಾ ಉಳಿಸಿಕೊಂಡು ಬಂದವಳು ಎಂದು ಅತ್ತೆಯರು ಹೇಳಿಕೊಂಡು ತಿರುಗುತ್ತಾರೆ.

ಅಜ್ಜಿಯೂ ಹಾಗೇ ಬಂದವಳು. ಅಪ್ಪ ಹುಟ್ಟಿದಾಗ ಅವಳು ಹುಣಸೆ ತಿರುವು ನೋಡಿದಳು. ತಾತ ತೀರಿಹೋದಾಗ ಬಿಕ್ಕಳಿಕೆ ತಿರುವು. "ಎಷ್ಟು ಚಂದ ಇತ್ತು ಅಂದ್ರೆ, ಬೈಕೊಂಡೇ ನೋಡ್ದೆ" ಎನ್ನುತ್ತಾಳೆ. ಬೆಟ್ಟದ ನೆತ್ತಿಯ ಕಡೇ ತಿರುವನ್ನು ಮಾತ್ರ ತಾತನ ಜೊತೆ ಕೂತು ನೋಡಬೇಕೆಂದು ಎತ್ತಿಟ್ಟಿದ್ದಳು. ತಾತ ಒಂದು ದಿನ ಸೌದೆ ತರಲು ಹೋದವರು, ಯಾರದೋ ಜೊತೆ ಮಾತಾಡುತ್ತ ಮೈಮರೆತು ಕಣ್ಣು ಬಿಟ್ಟುಬಿಟ್ಟರಂತೆ. ಅಪ್ಪನಂತೂ ಬಸ್ಸಿನ ಡ್ರೈವರು. ಬೆಟ್ಟವನ್ನು ಪೂರಾ ಮುಗಿಸಿದವರಿಗೇ ಆ ಕೆಲಸ. "ಬಿಳಿ ಕಾಣೋರ ಪಕ್ಕ ಕೂತು ನಾನೊಬ್ಬಳೇ ಬಾಯಿ ಚಪ್ಪರಿಸ್ಲಾ?" ಎಂದು ಅಜ್ಜಿ ಕಾದಳು. ನಾನು ಕಡೇ ತಿರುವನ್ನು ಅವಳಿಗಾಗಿ ಉಳಿಸಿಕೊಂಡೆ. ನನಗೆ ಉಳಿದಿದ್ದೂ ಅದೊಂದೇ. ಉಳಿದ ತಿರುವುಗಳಲ್ಲಿ ಕಂಡಕ್ಟರು "ಕಣ್ಣು" ಎನ್ನುವಷ್ಟರಲ್ಲಿ ನಾನು ಕಣ್ಣು ಬಿಟ್ಟುಕೊಂಡೇ ಹುಂಜದ ಜೊತೆ ಎಲ್ಲೋ ಇರುತ್ತಿದ್ದೆ.

ಈ ಸಲ ಮಳೆಗೆ ಮೇಲಿನ ರಸ್ತೆ ಕುಸಿದರೆ ಮತ್ತೆ ಕಟ್ಟುವುದಿಲ್ಲ ಎಂದು ಊರಲ್ಲಿ ಗೊತ್ತಾಯಿತು. ಕುಸಿಯದೆ ಇದ್ದ ವರ್ಷವೇ ಇಲ್ಲ. ಮಳೆ ಹತ್ತಿರದಲ್ಲಿತ್ತು. ಹಾಗಾಗಿ ಒಂದು ಬೆಳಿಗ್ಗೆ ಅಪ್ಪನ ಹಳೇ ಜೀಪನ್ನು ಹೊರಗೆ ತೆಗೆದೆ.

ಅಪ್ಪ ಚಕ್ರಗಳನ್ನು ಒಂದೊಂದಾಗಿ ಒದ್ದು ನೋಡಿದರು. "ನೀನು ಕನಸು ಕಾಣೋಳು, ಸುರಗಿ. ಸ್ಟೀರಿಂಗ್ ಮುಂದೆ ಕೂತು ಕನಸು ಕಾಣಬಾರದು."

"ಕಾಣಲ್ಲಪ್ಪ."

"ಬಿಸಿಲೇರಿದ ಮೇಲೆ ಕಣಿವೆಯಿಂದ ಮಂಜು ಏಳ್ತದೆ. ಅಷ್ಟರೊಳಗೆ ಮೇಲಿರಬೇಕು. ಗೋಡೆ ಇದೆ ಅಂತ ನಂಬ್ಕೋಬೇಡ. ಅದು ಗೋಡೆಯಲ್ಲ."

"ಅವಳಿಗೆ ಹೆದರಿಸ್ಬೇಡ್ವೋ," ಎಂದಳು ಅಜ್ಜಿ. ತನ್ನ ಮದುವೆಯ ಕಂಬಳಿಯನ್ನು ಮಡಚಿ ತೊಡೆ ಮೇಲಿಟ್ಟುಕೊಂಡು, ಹೊಸ ಸೀರೆಯುಟ್ಟು, ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. "ಬಿದ್ರೆ ಇಬ್ರೂ ಒಟ್ಟಿಗೆ ಬೀಳ್ತೀವಿ. ನಿಂಗೇನು ಕಷ್ಟ?"

ಅಪ್ಪ ನಗಲಿಲ್ಲ.

ಊರು ದಾಟಿ ಏರು ಶುರುವಾದ ಕೂಡಲೇ ಅಜ್ಜಿ ಕಂಬಳಿ ಬಿಚ್ಚಿ ತಲೆಯಿಂದ ಮೊಣಕಾಲಿನವರೆಗೆ ಹೊದ್ದುಕೊಂಡಳು. ಕಡೇ ತಿರುವು ನೋಡಲು ಹೋಗುವವರು ದಾರಿಯುದ್ದಕ್ಕೂ ಹೀಗೆ ಮುಸುಕು ಹಾಕಿಕೊಳ್ಳುವುದು ರೂಢಿ. ಆ ನೋಟ ರಸ್ತೆಯ ಯಾವ ಮೂಲೆಯಿಂದ ಇಣುಕುತ್ತದೋ ಹೇಳಲಾಗುವುದಿಲ್ಲ. ಒಳಗಿಂದ ಅವಳು ಎಲೆ ಅಡಿಕೆ ಜಗಿಯುವ ಸದ್ದು ಕೇಳುತ್ತಿತ್ತು.

ಹುಣಸೆ ತಿರುವಿನಲ್ಲಿ ಬಿಳುಪು ಶುರುವಾಯಿತು. ಬಲಗಡೆ ಬೆಟ್ಟದ ಕೆಂಪು ಗೋಡೆ, ಎಡಗಡೆ ಹುಲ್ಲು, ಹುಲ್ಲಿನಾಚೆ ಬಿಳಿ ಗೋಡೆ. ಬಸ್ಸಿನಲ್ಲಿ ಕೂತು ನೋಡುವುದೇ ಬೇರೆ, ಸ್ಟೀರಿಂಗ್ ಹಿಡಿದು ನೋಡುವುದೇ ಬೇರೆ. ಎಷ್ಟು ಆಳ ಎಂದು ಗೊತ್ತಿದ್ದರೆ ಹೆದರಿಕೊಂಡಾದರೂ ದೂರ ಇರಬಹುದು. ಈ ಬಿಳುಪು ನೋಡಿದರೆ ಸುಸ್ತಾದಾಗ ಒರಗಿಕೊಳ್ಳಬಹುದು ಎನ್ನಿಸುತ್ತದೆ. ಎರಡು ಸಲ ಎಡಕ್ಕೆ ವಾಲಿದ್ದು ನನಗೆ ಗೊತ್ತಾಗಿದ್ದು, ಹುಲ್ಲು ಚಕ್ರಕ್ಕೆ ಸಿಕ್ಕಿ ಚರಚರ ಎಂದಾಗ.

"ಕಥೆ ಹೇಳ್ಲಾ?" ಎಂದಳು ಅಜ್ಜಿ.

"ಬೇಡ. ಕಥೆ ಹೇಳಿದ್ರೆ ನಾನು ಇಲ್ಲಿರಲ್ಲ."

"ಅದೂ ಸರಿಯೇ." ಜಗಿಯುವ ಸದ್ದು ನಿಂತಿತು. "ಅಲ್ಲ ಕಣೆ, ನೋಡಿದ ಮೇಲೆ ನಂಗೆ ಏನೂ ಅನ್ನಿಸ್ದೆ ಹೋದ್ರೆ? ಇಷ್ಟು ವರ್ಷ ಇಟ್ಟುಕೊಂಡಿದ್ದು ಹಳಸಿ ಹೋಗಿದ್ರೆ?"

"ನೋಟ ಹಳಸುತ್ತಾ ಅಜ್ಜಿ?"

"ಉಪ್ಪಿನಕಾಯೇ ಹಳಸ್ತದೆ." ಮತ್ತೆ ಜಗಿಯತೊಡಗಿದಳು. ಆದರೆ ಮೊದಲಿನ ಹಾಗಲ್ಲ, ನಿಧಾನವಾಗಿ. ಹೆದರಿದ್ದಾಳೆ ಎಂದು ಆಗ ಗೊತ್ತಾಯಿತು. ಅದಕ್ಕೂ ಮುಂಚೆ ಅವಳು ಹೆದರಿದ್ದನ್ನು ನಾನು ನೋಡಿರಲಿಲ್ಲ.

ಬಿಕ್ಕಳಿಕೆ ತಿರುವು ದಾಟಿ ಸ್ವಲ್ಪ ಮೇಲೆ ಹೋದಾಗ ಎದುರಿಗೆ ಎಲೆಕೋಸಿನ ಲಾರಿ ಬಂದು ನಿಂತಿತು. ಡ್ರೈವರು ಇಳಿದು ಬೆಟ್ಟದ ಕಡೆಗೇ ಮೈ ಅಂಟಿಸಿಕೊಂಡು ಬಂದ. ನನ್ನ ವಯಸ್ಸಿನವನೇ. ಹೆಸರು ಬಸಲಿಂಗ ಎಂದ.

"ಎಷ್ಟು ಉಳಿದದೆ ಅಕ್ಕ ನಿಮ್ಗೆ?"

ಎರಡು ಗಾಡಿ ಎದುರಾದಾಗ ಇಲ್ಲಿ ಕೇಳುವ ಮೊದಲ ಮಾತೇ ಅದು. ಕಣಿವೆ ಕಾಣುವವರ ಕಾಲು ನಡುಗುತ್ತದೆ, ಬಿಳಿ ಕಾಣುವವರದು ನಡುಗುವುದಿಲ್ಲ ಎಂದು ಲೆಕ್ಕ. ಯಾರಿಗೆ ಕಡಿಮೆ ಉಳಿದಿದೆಯೋ ಅವರು ಹಿಂದಕ್ಕೆ ಹೋಗಬೇಕು.

"ಒಂದು" ಎಂದೆ.

"ನಂದು ನಾಲ್ಕು ಅವೆ. ಕೆಲಸಕ್ಕೆ ಸೇರಿ ಇನ್ನೂ ವಾರ ಆಗಿಲ್ಲ. ಯಾರಿಗೂ ಹೇಳ್ಬೇಡಿ, ಎಲ್ಲ ಮುಗ್ಸಿದೀನಿ ಅಂತ ಹೇಳಿ ಸೇರ್ಕಂಡಿದೀನಿ." ಅವನ ಮುಖ ಬಿಳಿಚಿಕೊಂಡಿತ್ತು. "ಈ ತಿರುವು ನಂಗೆ ಪೂರಾ ಕಾಣ್ತಾ ಅದೆ ಅಕ್ಕ. ಕೆಳಗೆ ಹಸುಗಳು ಇರುವೆ ಥರ ಕಾಣ್ತವೆ. ನನ್ ಕೈಲಿ ಹಿಂದಕ್ಕೆ ಆಗಕಿಲ್ಲ."

"ಮದುವೆ ಆಗಿದ್ಯೇನಪ್ಪ?" ಕಂಬಳಿಯೊಳಗಿಂದ ಅಜ್ಜಿ ಕೇಳಿದಳು.

ಅವನು ಬೆಚ್ಚಿಬಿದ್ದ. "ಇಲ್ಲ ಅವ್ವ."

"ಹಂಗಾದ್ರೆ ಈ ತಿರುವು ಯಾಕಪ್ಪ ಕಳ್ಕೊಂಡೆ? ಕಣ್ಣು ಮುಚ್ಕೊಂಡು ಇಳಿಸ್ಬೇಕಿತ್ತು."

"ಕಣ್ಣು ಮುಚ್ಕಂಡು ಲಾರಿ ಇಳ್ಸಕಾಯ್ತದಾ ಅವ್ವ?"

"ಅದೂ ಸರಿಯೇ," ಎಂದಳು ಅಜ್ಜಿ.

ಹಿಂದಕ್ಕೆ ಹೋಗುವುದು ನನ್ನ ಪಾಲಿಗೆ ಬಂತು. ಒಂದು ಗಾಡಿ ಓರೆಯಾಗಿ ನಿಲ್ಲುವಷ್ಟು ಜಾಗ ಕೆಳಗಿನ ಮೂಲೆಯಲ್ಲಿತ್ತು. ಅಲ್ಲಿವರೆಗೆ ಇಳಿಜಾರಿನಲ್ಲಿ ಹಿಂದೆ ಹಿಂದೆ ಹೋಗಬೇಕು. ಬಸಲಿಂಗ "ನಾನು ಹೇಳ್ತೀನಿ, ಬನ್ನಿ" ಎಂದು ಹಿಂದೆ ಹೋಗಿ ನಿಂತ. ನೋಡಿದರೆ ಕಣಿವೆಗೆ ಬೆನ್ನು ಮಾಡಿ, ಬೆಟ್ಟದ ಮಣ್ಣನ್ನೇ ನೋಡುತ್ತ "ಬನ್ನಿ, ಬನ್ನಿ" ಎನ್ನುತ್ತಿದ್ದ. ನಾನು ಕಿಟಕಿಯಿಂದ ಕತ್ತು ಹೊರಗೆ ಹಾಕಿದೆ. ಹಿಂದಿನ ಚಕ್ರ, ಅದರ ಪಕ್ಕ ಬೆಟ್ಟದ ಮಣ್ಣು. ಅಜ್ಜಿಯ ಕಡೆ ಒಂದು ಮೊಳ ಹುಲ್ಲು, ಆಮೇಲೆ ಬಿಳಿ ಗೋಡೆ. ಕ್ಲಚ್ಚಿನ ಮೇಲಿದ್ದ ಕಾಲು ತಾನಾಗಿಯೇ ಕುಣಿಯುತ್ತಿತ್ತು. ಲೆಕ್ಕ ಮಾಡಿದವರು ನನ್ನ ಕಾಲನ್ನು ನೋಡಿರಲಿಲ್ಲ. ಬಿಳುಪಿನ ಕಡೆ ನೋಡಬಾರದು ಎಂದುಕೊಂಡಷ್ಟೂ ಅದು ಮೆತ್ತಗೆ ಹತ್ತಿರ ಬರುತ್ತಿತ್ತು.

"ನಿಲ್ಸೆ," ಎಂದಳು ಅಜ್ಜಿ.

ನಿಲ್ಲಿಸಿದೆ.

"ನಿನ್ನ ಕಡೆ ಅಲ್ಲ, ನನ್ನ ಕಡೆ ನೋಡು. ಹಿಂದೆ ಅಂಚಿನ ಮೋಟುಗಲ್ಲು ಕಿತ್ತು ಹೋಗಿ ಗುಂಡಿ ಬಿದ್ದಿದೆ. ಸ್ವಲ್ಪ ಬೆಟ್ಟದ ಕಡೆಗೆ ಎಳ್ಕೊ. ಹಾಂ. ಇನ್ನೂ. ಈಗ ಬಿಡು."

ಎಳೆದುಕೊಂಡೆ. ಜೀಪು ಗುಂಡಿಯ ಪಕ್ಕ ಸವರಿಕೊಂಡು ಹೋಗಿ ಮೂಲೆಗೆ ಸೇರಿತು. ಲಾರಿ ನಮ್ಮನ್ನು ಉಜ್ಜುವಂತೆ ಇಳಿದು ಮುಂದೆ ಹೋಗಿ ನಿಂತಿತು. ಬಸಲಿಂಗ ಎರಡು ಕೋಸು ತಂದು ಹಿಂದಿನ ಸೀಟಿಗೆ ಉರುಳಿಸಿ, "ಒಳ್ಳೇದಾಗಿ ಕಾಣ್ಲಿ ಅವ್ವ" ಎಂದು ಹೇಳಿ ಹೋದ.

ಇಂಜಿನ್ ಆರಿಸಿ ಸ್ವಲ್ಪ ಹೊತ್ತು ಕೂತೆ. ಬದುಕಿಕೊಂಡೆವು ಎಂಬುದರ ಹಿಂದೆಯೇ ಇನ್ನೊಂದು ಯೋಚನೆ ಬಂತು.

"ಅಜ್ಜಿ, ಗುಂಡಿ ನಿಂಗೆ ಹೆಂಗೆ ಕಾಣಿಸ್ತು?"

"ಕಂಬಳಿಲಿ ಅಷ್ಟಿಷ್ಟು ಕಾಣ್ತದಲ್ಲ."

"ಮದುವೆಲಿ ಹೊದಿಸಿದ್ದು ಇದೇನಾ?"

"ಇನ್ಯಾವುದು? ಆಗ ಹೊಸದು, ಗಟ್ಟಿ ಇತ್ತು. ಇಷ್ಟು ಸಡಿಲ ಇರಲಿಲ್ಲ ಬಿಡು. ಯಾಕೆ?"

"ಸುಮ್ನೆ ಕೇಳ್ದೆ. ಆಗ ಕಣ್ಣು ಮುಚ್ಕೊಂಡಿದ್ದೆ ತಾನೆ?"

"ಅಳೋಳು ಕಣ್ಣು ಮುಚ್ಚದೆ ಏನ್ಮಾಡ್ತಾಳೆ. ಎತ್ತಿಗೆ ನೀರು ಕುಡಿಸೋಕೆ ಮೇಲೆ ಎಲ್ಲೋ ಗಾಡಿ ನಿಲ್ಸಿದ್ರು. ನಂಗೆ ಅಲ್ಲೇ ನಿದ್ದೆ ಹತ್ತಿದ್ದು."

ಮುಂದೆ ಕೇಳಲು ಧೈರ್ಯ ಬರಲಿಲ್ಲ. ಬೆಟ್ಟದಾಚೆಯಿಂದ ಬರುವ ಗಾಡಿಯ ಎತ್ತಿಗೆ ನೀರು ಸಿಗುವುದು ಒಂದೇ ಜಾಗದಲ್ಲಿ, ನೆತ್ತಿಯ ಮೇಲೆ, ಕಡೇ ತಿರುವಿನ ತೊಟ್ಟಿಯಲ್ಲಿ. ಅದು ಅಜ್ಜಿಗೂ ಗೊತ್ತು. ಗೊತ್ತಿದ್ದನ್ನೆಲ್ಲ ಜನ ಒಂದರ ಪಕ್ಕ ಒಂದು ಇಟ್ಟು ನೋಡುವುದಿಲ್ಲ, ಅಷ್ಟೇ. ನಾನು ಜೀಪು ಹೊರಡಿಸಿದೆ. ಈಗ ಹುಲ್ಲಿನಾಚೆಯ ಗೋಡೆಯ ಭಯ ಹಿಂದೆ ಬಿತ್ತು. ತಿರುಗಿಸಿ ಮನೆಗೆ ಹೋಗೋಣ, ಗೇರು ಬೀಳುತ್ತಿಲ್ಲ ಎಂದು ಸುಳ್ಳು ಹೇಳೋಣ ಎನ್ನಿಸಿತು. ಹೋಗದೆ ಇದ್ದರೆ ಆ ನೋಟ ಅವಳ ಹತ್ತಿರ ಇದ್ದೇ ಇರುತ್ತದೆ. ಆದರೆ ರಸ್ತೆ ಇರುವುದಿಲ್ಲ. ತಿರುಗಿಸಲೂ ಜಾಗ ಇರಲಿಲ್ಲ. ಆ ರಸ್ತೆಯಲ್ಲಿ ಒಮ್ಮೆ ಏರಿದವರು ನೆತ್ತಿಗೆ ಹೋಗಿಯೇ ತಿರುಗಬೇಕು.

ಮೇಲೆ ಹೋದಂತೆ ರಸ್ತೆ ಇನ್ನೂ ಸಣ್ಣದಾಯಿತು. ಒಂದು ಕಡೆ ಕುಸಿದ ಮಣ್ಣಿನ ಮೇಲೆ ಹಲಗೆ ಹಾಸಿದ್ದರು. ಹಲಗೆ ಕೆಳಗೆ ಏನಿದೆ ಎಂದು ನೋಡಲಿಲ್ಲ. ಅಜ್ಜಿ ಜಗಿಯುವುದನ್ನು ನಿಲ್ಲಿಸಿದ್ದಳು. ಹಿಂದೆ ಎರಡು ಕೋಸು ಅತ್ತಿಂದಿತ್ತ ಉರುಳಾಡುತ್ತಿದ್ದವು.

ಕಲ್ಲಿನ ತೊಟ್ಟಿ ಕಂಡ ಕೂಡಲೇ ನಾನು ಕಣ್ಣನ್ನು ರಸ್ತೆಗೆ ಕೀಲಿಸಿ ಜೀಪು ನಿಲ್ಲಿಸಿದೆ. ಚಕ್ರದ ಕೆಳಗೆ ಕಲ್ಲು ಕೊಟ್ಟೆ. ನನ್ನ ಕಾಲ ಬೆರಳುಗಳನ್ನೇ ನೋಡುತ್ತ ಅಜ್ಜಿಯ ಕೈ ಹಿಡಿದು ಇಳಿಸಿ, ತೊಟ್ಟಿಯ ಕಟ್ಟೆಯ ಮೇಲೆ ಕಣಿವೆಗೆ ಮುಖ ಮಾಡಿ ಕೂರಿಸಿದೆ. ಮೊದಲು ಅವಳು ನೋಡಬೇಕು, ಆಮೇಲೆ ನಾನು ಎಂದು ಮಾತಾಗಿತ್ತು. ಮುಂದಕ್ಕೆ ಬಿದ್ದ ನಮ್ಮಿಬ್ಬರ ನೆರಳು ಕಲ್ಲಿನ ಮೇಲೆ ಗೆರೆ ಕೊರೆದಂತೆ ಸ್ಪಷ್ಟವಾಗಿತ್ತು. ಮಂಜು ಬಂದಿರಲಿಲ್ಲ.

"ತಲೆ ಸರಿ ಇದೆಯೇನೆ?" ಎಂದಳು.

ಕೆದರಿದ ಬಿಳಿ ಕೂದಲನ್ನು ಹಿಂದಕ್ಕೆ ಒತ್ತಿದೆ. ಅವಳು ಕಂಬಳಿ ಕೆಳಗಿಳಿಸಿದಳು.

ನಾನು ಅವಳ ಪಾದಗಳನ್ನು ನೋಡುತ್ತಿದ್ದೆ. ಕಾಲಿನ ಬೆರಳುಗಳು ಮೆಲ್ಲಗೆ ಒಳಕ್ಕೆ ಮಡಚಿಕೊಂಡವು.

"ಸುರಗಿ, ಮಂಜು ಬಂದುಬಿಡ್ತಾ?"

ಹೌದು ಎಂದುಬಿಡಬಹುದಿತ್ತು. ಒಂದು ಅಕ್ಷರದ ಹೂಂ ಸಾಕಾಗಿತ್ತು. ಮಂಜಿನ ಮೇಲೆ ಎಲ್ಲ ಹೊರಿಸಿ ಮನೆಗೆ ಹೋಗಬಹುದಿತ್ತು. ನನ್ನ ಬಾಯಿ ತೆರೆಯುವ ಮೊದಲೇ ಅವಳು ಅಂಗೈಯನ್ನು ಬಿಸಿಲಿಗೆ ಹಿಡಿದು ನೋಡಿಕೊಂಡಳು.

"ಮಂಜಾಗಿದ್ರೆ ತಣ್ಣಗಿರ್ಬೇಕಿತ್ತು," ಎಂದಳು. ದನಿ ಚಿಕ್ಕ ಹುಡುಗಿಯದಾಗಿತ್ತು. "ನಾನ್ಯಾವಾಗ ಮುಗಿಸ್ದೆ ಇದನ್ನ? ನಾನು ನೋಡೇ ಇಲ್ವಲ್ಲ."

ನಾನು ಅವಳ ತೊಡೆ ಮೇಲಿದ್ದ ಕಂಬಳಿ ತೆಗೆದುಕೊಂಡು ತಲೆ ಮೇಲೆ ಎಳೆದುಕೊಂಡೆ. ಕುರಿ ವಾಸನೆ, ಹಳೇ ಹೊಗೆ ವಾಸನೆ. ಅದರೊಳಗೇ ತಲೆಯೆತ್ತಿ ಕಣ್ಣು ಬಿಟ್ಟೆ.

ಬಿಸಿಲು ಸಣ್ಣ ಸಣ್ಣ ಚುಕ್ಕೆಯಾಗಿ ಉದುರುತ್ತಿತ್ತು. ಯಾರೋ ಮೇಲೆ ಕೂತು ಜರಡಿ ಹಿಡಿದಿದ್ದರು. ಅದರ ಕೆಳಗೆ ಎಮ್ಮೆಯೊಂದು ಮಗ್ಗುಲಾಗಿ ಮಲಗಿತ್ತು. ಹೊಳೆ ಅದರ ಬಾಲದವರೆಗೆ ಬಂದು, ಏನೋ ನೆನಪಾಗಿ ಹಿಂದಕ್ಕೆ ಹೋಗಿ, ಮತ್ತೆ ಬರುತ್ತಿತ್ತು.

ಕಂಬಳಿ ಸರಿಸಿದೆ. ಚುಕ್ಕೆಗಳು ಹೋದವು, ಬಿಸಿಲು ಒಂದೇ ಸಮ ಹರಡಿಕೊಂಡಿತು. ಎಮ್ಮೆ ಅಲ್ಲೇ ಇತ್ತು.

"ಅಜ್ಜಿ, ನೀನು ನೋಡಿದೀಯ. ಗಾಡಿಲಿ. ಅದು ಕನಸಲ್ಲ. ಎಮ್ಮೆ ಗುಡ್ಡ ಇದೆ. ಹೊಳೆ ಇದೆ. ಬಯಲಿದೆ. ಎಲ್ಲ ಇದೆ."

ಅಜ್ಜಿ ನನ್ನ ಕಡೆ ತಿರುಗಿದಳು. ಕಣ್ಣು ಒದ್ದೆಯಾಗಿದ್ದರೂ ಮಾತು ಚುರುಕಾಗಿಯೇ ಇತ್ತು. "ನನ್ನ ಕಥೆ ನಂಗೇ ಹೇಳಿ ಸಮಾಧಾನ ಮಾಡ್ತೀಯೇನೆ? ನಿನ್ನ ಕುಂಡಿ ತೊಳೆದೋಳು ನಾನು."

"ದೇವರಾಣೆ ಇದೆ ಅಜ್ಜಿ."

"ಹಂಗಾದ್ರೆ ಆ ಮರ ಹೇಳು. ನಾನು ಹೇಳಿದ್ದಲ್ಲ, ಹೇಳ್ದೆ ಇರೋದು ಹೇಳು."

ನೋಡಿದೆ. ಅಷ್ಟು ದೂರದ ಮರ. ಕೆಳಗಿನ ಕಣಿವೆಯ ಮೂಲೆಯಲ್ಲಿ ಮಂಜಿನ ಮೊದಲ ಎಳೆ ಏಳುತ್ತಿತ್ತು. ಕಣ್ಣು ಕಿರಿದು ಮಾಡಿಕೊಂಡೆ. "ಒಂದು ಕೊಂಬೆ ಹೊಳೆ ಕಡೆಗೆ ಬಾಗಿದೆ. ತುಂಬ ಬಾಗಿ, ನೆಲಕ್ಕೆ ಮೊಣಕೈ ಊರಿಕೊಂಡ ಹಾಗಿದೆ. ಅಲ್ಲಿಂದ ಮತ್ತೆ ಮೇಲಕ್ಕೆ ಎದ್ದಿದೆ."

ಅಜ್ಜಿ ನನ್ನ ಮುಖವನ್ನೇ ದಿಟ್ಟಿಸಿದಳು. "ಅದನ್ನ ನಾನು ಯಾರಿಗೂ ಹೇಳಿಲ್ಲ," ಎಂದಳು. "ಮೊಣಕೈ ಊರಿರೋ ಮರ ಅಂದ್ರೆ ಯಾರು ನಂಬ್ತಾರೆ ಅಂತ ಬಿಟ್ಟುಬಿಟ್ಟಿದ್ದೆ."

ಆಮೇಲೆ ಅವಳ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. "ನಿಮ್ಮ ತಾತನಿಗೆ ಎಷ್ಟು ಬೈದಿದ್ದೆ ಗೊತ್ತಾ, ಒಬ್ಬನೇ ನೋಡ್ಕೊಂಡು ಬಂದೆ ಅಂತ. ನಾನು ಅವನಿಗಿಂತ ಮುಂಚೇನೇ ಮುಗ್ಸಿ ಕೂತಿದ್ದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. ನಗು ಅಲ್ಲಿಗೆ ನಿಂತಿತು. ಮತ್ತೆ ಬಿಳುಪಿನ ಕಡೆ ತಿರುಗಿ, ಇಲ್ಲದ ಏನನ್ನೋ ಹುಡುಕುವವಳ ಹಾಗೆ ಕತ್ತು ಮುಂದೆ ಚಾಚಿದಳು. "ಪಾಪ, ಆ ಮರ. ಈಗಲೂ ಒಂದೇನಾ ಅದು?"

ಮಂಜು ಹೊಳೆಯವರೆಗೆ ಬಂದಿತ್ತು. ನಾನು ಮತ್ತೆ ನೋಡಿದೆ. ಈ ಸಲ ಕಥೆಯನ್ನು ಬಿಟ್ಟು ನೋಡಿದೆ.

"ಇಲ್ಲ ಅಜ್ಜಿ. ಪಕ್ಕದಲ್ಲಿ ಇನ್ನೊಂದಿದೆ. ಚಿಕ್ಕದು. ಆ ಮೊಣಕೈ ಊರಿದ ಜಾಗದಲ್ಲೇ ಹುಟ್ಟಿಕೊಂಡಿದೆ."

"ಇನ್ನೊಂದಾ?" ಅಜ್ಜಿ ನನ್ನ ಕೈ ಹುಡುಕಿ ಹಿಡಿದುಕೊಂಡಳು. "ಅದು ನಾನು ನೋಡಿದ್ದಲ್ಲ. ಅದು ಆಗ ಇರಲಿಲ್ಲ. ಎಲ್ಲಿದೆ? ತೋರಿಸು."

ಅವಳ ತೋರುಬೆರಳನ್ನು ನನ್ನ ಬೆರಳುಗಳ ನಡುವೆ ಹಿಡಿದು, ಬಿಳುಪಿನಲ್ಲಿ ಎಮ್ಮೆಯ ಬೆನ್ನು ಎಳೆದೆ, ಬಾಲ ಎಳೆದೆ, ಹೊಳೆ ಹೋಗಿ ತಿರುಗಿ ಬರುವುದನ್ನು ಎಳೆದೆ. ಬಯಲು ದಾಟಿಸಿ ದೊಡ್ಡ ಮರದ ಹತ್ತಿರ ತಂದೆ. ಅಲ್ಲಿಂದ ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿ ನಿಲ್ಲಿಸಿದೆ.

"ಇಲ್ಲಿ," ಎಂದೆ.

"ಇಲ್ಲಿ," ಎಂದಳು ಅಜ್ಜಿ. ನಾನು ಕೈ ಬಿಟ್ಟೆ. ಅವಳ ಬೆರಳು ಅಲ್ಲಾಡದೆ ಅಲ್ಲೇ ನಿಂತಿತು.